ಚಿಗವ್ವನ ಒಳ್ಳೆಯ ದಿನ

ಗದಗ-ಬೆಟಗೇರಿ
ಫೆಬ್ರವರಿ ೩೦, ೨೧೩೯

ಗುಲಾಬಿ ಕಾಗದದ ಮೇಲೆ ಕರಪತ್ರ ಬರೆದ ತಾಯಂದಿರಿಗೆ, ತಂದೆಯರಿಗೆ, ಒಡಹುಟ್ಟಿದವರಿಗೆ, ಸುಗಲಾ ಬಾರಕೇರಳ ನಮಸ್ಕಾರ.

ಮೇಲಿನ ತಾರೀಖು ಕೈತಪ್ಪಿ ಬರೆದದ್ದಲ್ಲ. ನಿಮ್ಮ ಫೆಬ್ರವರಿಗೆ ಮೂವತ್ತನೆಯ ದಿನ ಇರಲಿಲ್ಲವೆಂದು ನನಗೆ ಗೊತ್ತು. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನಗಳು ವರ್ಷದ ಕೊನೆಗೆ ಯಾವ ತಿಂಗಳಿಗೂ ಸೇರದೆ ನಿಲ್ಲುತ್ತವೆ, ಅವನ್ನು ಬಿಡುದಿನ ಎನ್ನುತ್ತೇವೆ. ಒಂದು ತಿಂಗಳು ಉದ್ದ, ಇನ್ನೊಂದು ಗಿಡ್ಡ ಯಾಕೆ ಎಂದು ಕೇಳಿ, ಸರಿಯಾದ ಉತ್ತರ ಸಿಗದೆ, ಹಟ ಹಿಡಿದು ಈ ಲೆಕ್ಕವನ್ನು ಸರ್ಕಾರದಿಂದ ಮಾಡಿಸಿಕೊಂಡವರು ಯಾರು ಗೊತ್ತೇ? ನೀವು ಯಾರಿಗಾಗಿ ಕರಪತ್ರ ಬರೆದಿರೋ ಅವರೇ. ನೀವು ಅವರನ್ನು ಆಟಿಸಂ ಇರುವವರು ಎನ್ನುತ್ತೀರಿ, ನಿಮ್ಮ ಕಚೇರಿಯ ಕಾಗದಗಳಲ್ಲಿ ಸ್ವಲೀನತೆ ಎಂದಿದೆ. ನಾವು ತನ್ನಲಯದವರು ಎನ್ನುತ್ತೇವೆ. ಇಂಥ ಮಾತುಗಳು ಈ ಪತ್ರದಲ್ಲಿ ಇನ್ನೂ ಬರುತ್ತವೆ. ಕಿವಿಗೆ ಒರಟಾದರೆ ಕ್ಷಮಿಸಿ. ಬಂದ ಹಾಗೆ ಅವುಗಳ ಅರ್ಥ ಹೇಳುತ್ತ ಹೋಗುತ್ತೇನೆ.

ನಾನು ಹೆಚ್ಚು ಕಲಿತವಳಲ್ಲ. ಇಪ್ಪತ್ತೆರಡು ವರ್ಷ, ಕಪ್ಪತಗುಡ್ಡದ ಮೇಲಿನ ಗಾಳಿಕಂಬಗಳಿಗೆ ಎಣ್ಣೆ ಹಾಕುವ ತಂಡದಲ್ಲಿ ಕೆಲಸ. ಬೆಳಗಿನ ಐದಕ್ಕೆ ಬಸ್ಸು ಹತ್ತಿದರೆ ಮನೆ ಮುಟ್ಟುವುದು ಮಧ್ಯಾಹ್ನ ಮೂರಕ್ಕೆ. ನನಗೆ ಓದು ಬಂದದ್ದು ನಿಮ್ಮಿಂದ. ನಮ್ಮ ಊರಿನ ಜೊತೆಮನೆಯಲ್ಲಿ ಒಂದು ಕಬ್ಬಿಣದ ಕಪಾಟಿದೆ. ಅದರಲ್ಲಿ ನಿಮ್ಮ ಕಾಲದ ಕರಪತ್ರಗಳನ್ನು ಪದರು ಪದರಾಗಿ ಜೋಡಿಸಿಟ್ಟಿದ್ದಾರೆ. ಹದಿನಾಲ್ಕನೆಯ ವಯಸ್ಸಿನಿಂದ ನಾನು ಆ ಕಪಾಟಿನ ಮುಂದೆ ನೆಲದ ಮೇಲೆ ಕೂತು ಅವನ್ನು ಓದಿದ್ದೇನೆ. ಎಲ್ಲಕ್ಕಿಂತ ಹಳೆಯದು ಗುಲಾಬಿ ಬಣ್ಣದ್ದು. ಅದರ ತಲೆಬರಹ ನನಗೆ ಬಾಯಿಪಾಠ: ‘ನಾವು ಸತ್ತ ಮೇಲೆ ಇವಳ ಜೊತೆ ಯಾರು?’ ಅದನ್ನು ಬರೆದವರು ಹೆಸರು ಹಾಕಿಲ್ಲ. ಕೆಳಗೆ ‘ಒಬ್ಬ ತಾಯಿ’ ಎಂದಷ್ಟೇ ಇದೆ. ಅಮ್ಮಾ, ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು. ಅದು ಈಗ ಕೈಜಾರುತ್ತಿದೆ. ಅದಕ್ಕೇ ಈ ಪತ್ರ.

ಜೊತೆಮನೆ ಎಂದರೆ ತಾಲ್ಲೂಕಿಗೊಂದು ಇರುವ ಸರ್ಕಾರಿ ಮನೆ. ಅದು ಆಸ್ಪತ್ರೆಯಲ್ಲ, ಶಾಲೆಯಲ್ಲ, ಆಶ್ರಮವಂತೂ ಅಲ್ಲವೇ ಅಲ್ಲ. ಅಲ್ಲಿ ಯಾರನ್ನೂ ತಂದು ಇಡುವುದಿಲ್ಲ. ಅಲ್ಲಿಂದ ಜೊತೆಗಾರರು, ಜೊತೆಗಾತಿಯರು ಮನೆಮನೆಗೆ ಹೊರಡುತ್ತಾರೆ. ಮಾಸ್ತರರಿಗೆ, ದಾದಿಯರಿಗೆ ಸಂಬಳ ಕೊಡುವ ಹಾಗೆಯೇ ಸರ್ಕಾರ ಅವರಿಗೂ ಸಂಬಳ ಕೊಡುತ್ತದೆ. ಯಾರ ಮನೆಯೂ ಕೈಯೊಡ್ಡಬೇಕಾಗಿಲ್ಲ, ಯಾರೂ ಯಾರಿಗೂ ಉಪಕಾರ ಮಾಡುತ್ತಿಲ್ಲ. ಇದು ನಿಮ್ಮ ಕರಪತ್ರದ ಮಾತೇ: ‘ದಯೆ ಬೇಡ, ಜೊತೆ ಬೇಕು.’ ಆ ಮಾತನ್ನು ಜೊತೆಮನೆಯ ಬಾಗಿಲ ಮೇಲೆ ಕೆತ್ತಿದ್ದಾರೆ. ಒಳಗೆ ಹೋಗುವಾಗಲೆಲ್ಲ ನನ್ನ ಎದೆ ಉಬ್ಬುತ್ತಿತ್ತು.

ನಮ್ಮ ಮನೆಗೆ ಬರುವ ಜೊತೆಗಾತಿ ದಾವಲಬಿ. ಅವರು ಬರುವುದು ನನ್ನ ಚಿಗವ್ವ ನೀಲಗಂಗಾಳಿಗಾಗಿ. ಚಿಗವ್ವ ನನ್ನ ತಾಯಿಯ ತಂಗಿ, ನಲವತ್ತಾರು ವರ್ಷ, ತನ್ನಲಯದವಳು. ನನ್ನ ತಾಯಿ ತೀರಿಕೊಂಡು ಎರಡು ವರ್ಷವಾಯಿತು. ಈಗ ಮನೆಯಲ್ಲಿ ಇರುವುದು ನಾವಿಬ್ಬರೇ. ಚಿಗವ್ವ ಬೆಟಗೇರಿಯ ಸರ್ಕಾರಿ ರೊಟ್ಟಿ ಕೇಂದ್ರದಲ್ಲಿ ಕೆಲಸ ಮಾಡುತ್ತಾಳೆ. ಖಡಕ್ ರೊಟ್ಟಿಗಳನ್ನು ಅಂಚು ಮುರಿಯದಂತೆ ಒಂದರ ಮೇಲೊಂದು ಒಟ್ಟಿ ಬಟ್ಟೆ ಸುತ್ತುವುದು ಅವಳ ಕೆಲಸ. ಅವಳು ಒಟ್ಟಿದ ಅಟ್ಟಿಯಲ್ಲಿ ಚೂರು ರೊಟ್ಟಿ ಹುಡುಕಿದರೂ ಸಿಗುವುದಿಲ್ಲ. ಕೇಂದ್ರಕ್ಕೆ ಬಸ್ಸಿನಲ್ಲಿ ಹೋಗುತ್ತಾಳೆ. ದಾವಲಬಿ ಅದೇ ಬಸ್ಸಿನಲ್ಲಿ ಎರಡು ಸೀಟು ಹಿಂದೆ ಕೂಡುತ್ತಾರೆ. ಜೊತೆಗಾತಿಯರಿಗೆ ಕಲಿಸುವ ಮೊದಲ ಪಾಠ ಇದು: ಪಕ್ಕದಲ್ಲಿ ಕೂಡಬೇಡ, ಕೈ ಹಿಡಿಯಬೇಡ, ಎರಡು ಸೀಟು ಹಿಂದೆ ಇರು. ಬಸ್ಸು ದಾರಿ ಬದಲಿಸಿದರೆ, ಯಾರಾದರೂ ಜೋರಾಗಿ ಜಗಳ ತೆಗೆದರೆ, ಚಿಗವ್ವ ಹಿಂದಿರುಗಿ ನೋಡುತ್ತಾಳೆ. ದಾವಲಬಿ ಇದ್ದಾರೆಂದು ಕಂಡರೆ ಮುಂದೆ ತಿರುಗುತ್ತಾಳೆ. ಹೆಚ್ಚಿನ ದಿನ ಅಷ್ಟೇ ನಡೆಯುವುದು. ಹೊರಗಿನಿಂದ ನೋಡಿದವರಿಗೆ ಒಬ್ಬ ಹೆಂಗಸು ಒಬ್ಬಳೇ ಬಸ್ಸಿನಲ್ಲಿ ಹೋಗುವಂತೆ ಕಾಣುತ್ತದೆ.

ನಮ್ಮ ಪಡಸಾಲೆಯ ಗೋಡೆಗೆ ಮುನ್ಸುದ್ದಿ ಹಲಗೆ ಇದೆ. ತನ್ನಲಯದವರಿರುವ ಎಲ್ಲ ಮನೆಗಳಲ್ಲೂ ಇರುತ್ತದೆ, ಜೊತೆಮನೆಯವರೇ ತಂದು ಮೊಳೆ ಹೊಡೆಯುತ್ತಾರೆ. ಕರಿ ಹಲಗೆ, ಮೇಲೆ ಗೆರೆ ಎಳೆದ ಮೂವತ್ತು ಚೌಕದ ಮನೆಗಳು, ದಿನಕ್ಕೊಂದು. ಆಗಲಿರುವುದನ್ನು ಕಡಿಮೆಯೆಂದರೂ ಏಳು ದಿನ ಮೊದಲು ಅದರಲ್ಲಿ ಬರೆಯಬೇಕು. ಮನೆಗೆ ಹೊಸಬರು ಬರುವುದಿದ್ದರೆ, ನೀರು ಬಾರದಿದ್ದರೆ, ನಾನು ತಲೆಗೂದಲು ಕತ್ತರಿಸಿಕೊಳ್ಳುವುದಿದ್ದರೂ ಬರೆಯಬೇಕು. ಮೊದಲ ಸಲ ನಡೆಯುವಂಥದಾದರೆ ಬರೆದರಷ್ಟೇ ಸಾಲದು, ತಾಲೀಮು ಮಾಡಬೇಕು. ನನ್ನ ತಾಯಿ ಹಲ್ಲು ಕೀಳಿಸುವ ತಾಲೀಮನ್ನು ಚಿಗವ್ವನಿಗೆ ಐದು ದಿನ ಮಾಡಿಸಿದ್ದಳು. ನಾನು ಡಾಕ್ಟರ್, ಹಲ್ಲಿನ ಬದಲು ಶೇಂಗಾ. ಪ್ರತಿ ತಿಂಗಳ ಮೂವತ್ತು ಊರಿಗೆಲ್ಲ ರಜೆ, ಮುಂದಿನ ತಿಂಗಳ ಮನೆಗಳನ್ನು ಎಳೆಯಲು. ಮನೆ ಎಳೆದು ಮುಗಿದ ಮೇಲೆ ದಾವಲಬಿ ಬರುವ ಒಂದೊಂದು ದಿನದ ಮೂಲೆಯಲ್ಲೂ ಚಿಗವ್ವ ಎರಡು ಚುಕ್ಕೆ ಇಡುತ್ತಾಳೆ. ಎರಡು ಚುಕ್ಕೆ ಎಂದರೆ ಎರಡು ಸೀಟು. ಅದನ್ನು ಬೇರೆ ಯಾರೂ ಇಡುವ ಹಾಗಿಲ್ಲ.

ಇನ್ನು ನಾನು ಮಾಡಿದ ತಪ್ಪನ್ನು ಹೇಳುತ್ತೇನೆ.

ಕಳೆದ ವರ್ಷ ಸರ್ಕಾರ ಮರುಅಳತೆ ಎಂಬ ಹೊಸ ನಿಯಮ ತಂದಿತು. ಅಳತೆ ಅಧಿಕಾರಿ ಮನೆಗೆ ಬಂದು ಅರ್ಧ ಗಂಟೆ ಕೂತು ತನ್ನಲಯದವರಿಗೆ ಇಪ್ಪತ್ತು ಪ್ರಶ್ನೆ ಕೇಳುತ್ತಾರೆ. ಯಾರಿಗೆ ಎಷ್ಟು ಜೊತೆ ಬೇಕೆಂದು ಆ ಉತ್ತರಗಳಿಂದ ತೀರ್ಮಾನವಾಗುತ್ತದೆ. ನಮ್ಮ ಪಾಳಿ ಫೆಬ್ರವರಿ ಒಂಬತ್ತಕ್ಕೆ ಬಂತು. ನಾನು ಹೆದರಲಿಲ್ಲ, ನಿಜ ಹೇಳಬೇಕೆಂದರೆ ಹಿಗ್ಗಿದೆ. ಜೊತೆಮನೆಗಳಿಂದ ಏನು ಪ್ರಯೋಜನ ಎಂದು ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ಅಂಥವರ ಕಣ್ಣಿಗೆ ಚಿಗವ್ವನನ್ನು ತೋರಿಸಬೇಕು, ಜೊತೆ ಸಿಕ್ಕರೆ ಮನುಷ್ಯರು ಹೇಗೆ ತಲೆಯೆತ್ತಿ ಬದುಕುತ್ತಾರೆಂದು ಅವರು ನೋಡಬೇಕು, ಇದು ನನ್ನ ಎಣಿಕೆ. ಮುನ್ಸುದ್ದಿ ಬರೆದೆ. ಏಳು ದಿನ ತಾಲೀಮು ಮಾಡಿಸಿದೆ. ನಾನೇ ಅಧಿಕಾರಿಯಾಗಿ ಬಾಗಿಲು ತಟ್ಟಿದೆ. ಚಿಗವ್ವ ಬನ್ರಿ ಎಂದಳು, ಕುರ್ಚಿ ತೋರಿಸಿದಳು, ‘ಚಾಕ್ಕ ಸಕ್ರಿ ಎಷ್ಟ್ ಹಾಕ್ಲಿರಿ?’ ಎಂದು ಕೇಳಲು ಕಲಿತಳು. ಇಪ್ಪತ್ತೂ ಪ್ರಶ್ನೆಗಳನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ.

ದಾವಲಬಿ ಹೊಸ್ತಿಲಲ್ಲಿ ಕೂತು ಮೆಂತ್ಯಪಲ್ಯದ ಎಲೆ ಬಿಡಿಸಿ ಸೋಸುತ್ತ ಇದನ್ನೆಲ್ಲ ನೋಡುತ್ತಿದ್ದರು. ‘ಏ ಸುಗಲಾ, ಇದೇನ ಕನ್ಯಾ ನೋಡೂ ಶಾಸ್ತ್ರ ಮಾಡಾಕತ್ತೀ? ಇನ್ನ ತಲಿಗೆ ಹೂವಷ್ಟ ಬಾಕಿ ಐತಿ ನೋಡ’ ಎಂದರು.

‘ನಮ್ಮ ಚಿಗವ್ವ ಯಾರಿಗೇನ ಕಡಿಮಿ ಅದಾಳಕ್ಕಾ? ನೋಡ್ಲಿ ಬಿಡ’ ಎಂದೆ.

‘ಕಡಿಮಿ ಅದಾಳಂತ ನಾ ಅಂದೆನ? ಅಲ್ಲ ಹುಡಗಿ, ಕನ್ಯಾ ಪಾಸ್ ಆದ್ರ ಗಂಡ ಸಿಗತಾನ. ಇಲ್ಲಿ ಫೇಲ್ ಆದವರಿಗಷ್ಟ ಜೋಡಿ ಕೊಡ್ತಾರ. ನೀ ಪಾಸ್ ಮಾಡ್ಸಾಕ ನಿಂತೀಯಲ್ಲ, ನಿನ್ನ ಶ್ಯಾಣೇತನಕ್ಕ ಏನನ್ನೂದು?’

ನನಗೆ ಸಿಟ್ಟು ಬಂತು. ನಮ್ಮವರನ್ನು ದುರ್ಬಲರೆಂದು ತೋರಿಸಿ ಹಕ್ಕು ಕೇಳುವುದು ಭಿಕ್ಷೆ ಎಂದೆ. ಅದೂ ನಿಮ್ಮ ಕರಪತ್ರದ ಮಾತೇ. ದಾವಲಬಿ ಸೋಸಿದ ಪಲ್ಯವನ್ನು ಬುಟ್ಟಿಗೆ ಹಾಕಿ ಎದ್ದರು. ಆ ದಿನಗಳಲ್ಲಿ ಇನ್ನೊಂದು ಸಣ್ಣ ಸಂಗತಿಯೂ ನಡೆಯಿತು. ಹಲಗೆಯ ಮೇಲೆ ಹತ್ತು, ಹನ್ನೊಂದು, ಹನ್ನೆರಡರ ಮನೆಗಳು ಅಳಿಸಿಹೋಗಿದ್ದವು. ಯಾರದೋ ಭುಜ ತಾಗಿರಬೇಕು ಎಂದುಕೊಂಡು ನಾನು ಮತ್ತೆ ದುಂಡಗೆ ‘ರೊಟ್ಟಿ ಕೇಂದ್ರ’ ಎಂದು ಮೂರೂ ಮನೆ ತುಂಬಿದೆ.

ಒಂಬತ್ತರಂದು ಅಧಿಕಾರಿ ಬಂದರು. ಕಟ್ಟೀಮನಿ ಅಂತ ಹೆಸರು, ಮೆತ್ತಗೆ ಮಾತಾಡುವ ಮನುಷ್ಯ, ಚಪ್ಪಲಿ ಹೊರಗೇ ಬಿಟ್ಟರು. ಚಿಗವ್ವ ಒಂದೂ ತಪ್ಪಲಿಲ್ಲ. ‘ಬಸ್ಸಿನ್ಯಾಗ ಒಬ್ರ ಹೋಗ್ತೀರೇನ್ರಿ ಅವ್ವಾರ?’ ಎಂದು ಅವರು ಕೇಳಿದರು. ‘ಹೋಗ್ತೀನ್ರಿ’ ಎಂದಳು. ಎರಡು ಸೀಟು ಹಿಂದೆ ಯಾರು ಎಂಬ ಪ್ರಶ್ನೆ ಆ ಇಪ್ಪತ್ತರಲ್ಲಿ ಇರಲಿಲ್ಲ. ‘ಹೊಸಬರ ಸಂಗತೀಲೆ ಮಾತಾಡಾಕ ತ್ರಾಸ ಅಕ್ಕೇತೇನ?’ ಎಂದರು. ‘ಇಲ್ರಿ. ಚಾಕ್ಕ ಸಕ್ರಿ ಎಷ್ಟ್ ಹಾಕ್ಲಿರಿ?’ ಎಂದಳು. ಅಧಿಕಾರಿ ನಕ್ಕು ನನ್ನ ಕಡೆ ತಿರುಗಿ, ‘ಏನ್ ತಂಗಿ, ನಮ್ಮ ಮನ್ಯಾಗ ಇಪ್ಪತ್ತ ವರ್ಷದಾಗ ನನಗ ಇಷ್ಟ ಚಂದಾಗಿ ಯಾರೂ ಕೇಳಿಲ್ಲ’ ಎಂದರು. ನಾನೂ ನಕ್ಕೆ. ನನ್ನ ಬಾಳಿನಲ್ಲಿ ಅಷ್ಟು ಹೆಮ್ಮೆಯ ಅರ್ಧ ಗಂಟೆ ಬೇರೆ ಇರಲಿಲ್ಲ.

ಅವರು ಓಣಿಯ ತಿರುವು ದಾಟಿದ ಮೇಲೆ ಚಿಗವ್ವ ಕುರ್ಚಿಯಿಂದ ಇಳಿದು ಗೋಡೆ ಹಿಡಿದು ಅಡುಗೆಮನೆಗೆ ಹೋದಳು. ಜೋಳದ ಪೀಪಾಯಿಯ ಹಿಂದಿನ ಸಂದಿಯಲ್ಲಿ ಕೂತಳು. ಮೂರು ದಿನ ಅಲ್ಲಿಂದ ಹೊರಗೆ ಬರಲಿಲ್ಲ. ಮೊದಲ ದಿನ ನೀರೂ ಮುಟ್ಟಲಿಲ್ಲ. ತನ್ನ ಕೈಯನ್ನು ತಾನೇ ಕಚ್ಚಿಕೊಂಡಳು. ಮಾತು ಪೂರಾ ನಿಂತುಹೋಯಿತು. ಒಂದೇ ಒಂದು ಮಾತು ಮಾತ್ರ, ದನಿಯಿಲ್ಲದೆ, ಮತ್ತೆ ಮತ್ತೆ: ಸಕ್ರಿ ಎಷ್ಟ್ ಹಾಕ್ಲಿರಿ, ಸಕ್ರಿ ಎಷ್ಟ್ ಹಾಕ್ಲಿರಿ. ದಾವಲಬಿ ಪೀಪಾಯಿಯ ಈಚೆ, ನಾಲ್ಕು ಮೊಳ ದೂರದಲ್ಲಿ ಚಾಪೆ ಹಾಸಿಕೊಂಡು ಕೂತರು. ಮಾತಾಡಿಸಲಿಲ್ಲ, ಮುಟ್ಟಲಿಲ್ಲ, ಸುಮ್ಮನೆ ಇದ್ದರು. ಹೊತ್ತುಹೊತ್ತಿಗೆ ಒಂದು ರೊಟ್ಟಿ, ಒಂದು ತಂಬಿಗೆ ನೀರು ಸಂದಿಯ ಕಡೆ ಸರಿಸುತ್ತಿದ್ದರು. ಎರಡನೆಯ ದಿನ ಬೆಳಿಗ್ಗೆ ನೀರು ಖಾಲಿಯಾಯಿತು, ಮೂರನೆಯ ದಿನ ರೊಟ್ಟಿ. ನಾನು ಆ ಮೂರೂ ದಿನ ಮಧ್ಯಾಹ್ನದತನಕ ಗುಡ್ಡದ ಮೇಲೆ ಕೆಲಸದಲ್ಲಿದ್ದೆ. ದಾವಲಬಿ ಇರದಿದ್ದರೆ ಏನಾಗುತ್ತಿತ್ತು ಎಂದು ಆಗ ನನಗೆ ಹೊಳೆಯಲೂ ಇಲ್ಲ. ಈಗ ಅದೊಂದೇ ಹೊಳೆಯುತ್ತದೆ.

ಇಪ್ಪತ್ತರಂದು ತೀರ್ಪಿನ ಕಾಗದ ಬಂತು. ‘ಸ್ವತಂತ್ರ. ಇಪ್ಪತ್ತಕ್ಕೆ ಇಪ್ಪತ್ತು. ಜೊತೆಯ ಅಗತ್ಯ ಕಂಡುಬಂದಿಲ್ಲ.’ ಏಪ್ರಿಲ್ ಒಂದರಿಂದ ದಾವಲಬಿ ನಮ್ಮ ಮನೆಗೆ ಬರುವುದಿಲ್ಲ. ಮುಂಡರಗಿಗೆ ವರ್ಗ ಮಾಡಿದ್ದಾರೆ. ನಾನು ಕಾಯ್ದೆಯ ಪುಸ್ತಕ ತರಿಸಿ ಓದಿದೆ. ಜೊತೆ ಕೊಡಬೇಕಾದದ್ದು ‘ಅಗತ್ಯ ಇರುವವರೆಗೆ’ ಎಂದಿದೆ. ಎಲ್ಲೋ ಓದಿದ ಮಾತು ಎನಿಸಿ ಕಪಾಟಿನ ಹತ್ತಿರ ಓಡಿದೆ. ಗುಲಾಬಿ ಕರಪತ್ರದ ಮೂರನೆಯ ಬೇಡಿಕೆ: ‘ಅಗತ್ಯ ಇರುವವರೆಗೆ ಸರ್ಕಾರವೇ ಜೊತೆ ಒದಗಿಸಬೇಕು.’ ಕಾಯ್ದೆ ಬರೆದವರು ನಿಮ್ಮ ಮಾತನ್ನು ಅಕ್ಷರ ಬಿಡದೆ ಎತ್ತಿಕೊಂಡಿದ್ದಾರೆ. ನೀವು ಅದನ್ನು ಕೊನೆಯತನಕ ಎಂಬ ಅರ್ಥದಲ್ಲಿ ಬರೆದಿರಿ. ಅಗತ್ಯವನ್ನು ನೋಡುವವರು ಯಾರು, ಯಾವ ದಿನ ನೋಡಬೇಕು, ಅದನ್ನು ಬರೆಯಲಿಲ್ಲ. ನೂರು ವರ್ಷ ಯಾರೂ ಕೇಳಲಿಲ್ಲ. ಈಗ ಕೇಳುವವರು ಬಂದಿದ್ದಾರೆ, ನಿಮ್ಮ ಮಾತೇ ಅವರ ಕೈಯ ಕತ್ತರಿ. ನನಗೆ ನಿಮ್ಮ ಮೇಲೆ ಸಿಟ್ಟಿದೆ. ನನ್ನ ಮೇಲೆ ಇರುವುದರ ಅರ್ಧದಷ್ಟು.

ನಾನು ತಕರಾರು ಅರ್ಜಿ ಕೊಟ್ಟೆ. ಮಾರ್ಚ್ ಹನ್ನೆರಡಕ್ಕೆ ವಿಚಾರಣೆ, ಚಿಗವ್ವನನ್ನು ಕರೆತರಬೇಕು ಎಂದು ಒಂದು ಲಕೋಟೆಯ ಮೇಲೆ ಬರೆದು ಕೊಟ್ಟರು. ಅರ್ಜಿ ತೆಗೆದುಕೊಂಡ ಗುಮಾಸ್ತರು ಒಳ್ಳೆಯವರು, ಆಚೀಚೆ ನೋಡಿ ದನಿ ತಗ್ಗಿಸಿ ಒಂದು ಉಪಾಯ ಹೇಳಿದರು. ‘ನೋಡ ತಂಗಿ, ಅವರಿಗೆ ಹೇಳಬ್ಯಾಡ. ಹಲಗಿ ಮ್ಯಾಲ ಬರೀಬ್ಯಾಡ. ಹಂಗ ಎಬ್ಬಿಸ್ಕೊಂಡ ಬಾ, ಸಂತಿ ಹಾದೀಲೆ ಬಾ. ಸಾಹೇಬ್ರ ಮುಂದ ಒಂದ ಸಲ ಚೀರಿದ್ರ ಸಾಕು, ಅವತ್ತ ಜೋಡಿ ವಾಪಸ್ ಸಿಗತೈತಿ. ಎಲ್ಲಾರೂ ಈಗ ಹಿಂಗ ಮಾಡಾಕತ್ತಾರ.’

ಐದಾರು ದಿನ ಈ ಮಾತು ನನ್ನೊಳಗೆ ಸುತ್ತಿತು. ನೀವಿದ್ದರೆ ಏನು ಮಾಡುತ್ತಿದ್ದಿರಿ? ಹೇಳಿ ಕರೆದೊಯ್ದರೆ ಚಿಗವ್ವ ಮತ್ತೆ ಸಕ್ಕರೆ ಎಷ್ಟೆಂದು ಕೇಳುತ್ತಾಳೆ, ಮತ್ತೆ ಪಾಸಾಗುತ್ತಾಳೆ, ದಾವಲಬಿ ಹೋಗುತ್ತಾರೆ. ಹೇಳದೆ ಕರೆದೊಯ್ದರೆ ದಾವಲಬಿ ಉಳಿಯುತ್ತಾರೆ. ಆದರೆ ಹಲಗೆಯಲ್ಲಿ ಬರೆಯದೆ ನಮ್ಮ ಮನೆಯಲ್ಲಿ ಈತನಕ ಏನೂ ನಡೆದಿಲ್ಲ. ಅಮ್ಮ ಸತ್ತದ್ದೊಂದರ ಹೊರತು. ಇವತ್ತು ಬೆಳಿಗ್ಗೆ ಮಾರ್ಚ್ ತಿಂಗಳ ಮನೆ ಎಳೆದಾಗ ನಾನು ಹನ್ನೆರಡನ್ನು ಖಾಲಿ ಬಿಟ್ಟೆ. ಬೇರೆ ಮನೆ ತುಂಬುವಾಗ ಸೀಮೆಸುಣ್ಣ ಎರಡು ಸಲ ಮುರಿಯಿತು.

ಚಿಗವ್ವ ಚುಕ್ಕೆ ಇಡಲು ಬಂದಳು. ಒಂದರಿಂದ ಹನ್ನೊಂದರತನಕ ಇಟ್ಟಳು. ಅಲ್ಲಿ ನಿಂತಳು.

‘ಹನ್ನೆರಡ ಖಾಲಿ ಐತಿ.’

‘ಅವತ್ತ ಏನೂ ಇಲ್ಲ, ಚಿಗವ್ವಾ.’

‘ಐತಿ. ಲಕೋಟಿ ಮ್ಯಾಲ ಹನ್ನೆರಡ ಅಂತ ಐತಿ. ನೀ ಸುಳ್ಳ ಹೇಳಿದಿ.’

ಬೈಗುಳದ ದನಿಯಲ್ಲಿ ಹೇಳಲಿಲ್ಲ. ರೊಟ್ಟಿ ಮುರಿದಿದೆ ಎಂದು ಹೇಳುವಂತೆ ಹೇಳಿದಳು. ಆಮೇಲೆ ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು ಹನ್ನೆರಡರ ಮನೆಯಲ್ಲಿ ತಾನೇ ‘ಕಚೇರಿ’ ಎಂದು ಬರೆದಳು. ಬರೆದವಳು, ಹದಿಮೂರು, ಹದಿನಾಲ್ಕು, ಹದಿನೈದರ ಮನೆಗಳಲ್ಲಿ ನಾನು ಬರೆದದ್ದನ್ನು ಅಂಗೈಯಿಂದ ಒರೆಸಿದಳು. ಕೆಲಸ ಅಳಿಸಿದಳು, ಊಟ ಅಳಿಸಿದಳು, ಬಿಳಿ ಮಬ್ಬು ಮಾತ್ರ ಉಳಿಯಿತು. ಮೂರರಲ್ಲೂ ಎರಡೆರಡು ಚುಕ್ಕೆ ಇಟ್ಟಳು. ‘ಈ ಮೂರ ದಿನ ನಾ ಇರೂದಿಲ್ಲ’ ಎಂದಳು.

ಆಗ ಹೊಳೆಯಿತು. ಫೆಬ್ರವರಿಯ ಆ ಮೂರು ಮನೆಗಳಿಗೆ ಯಾರ ಭುಜವೂ ತಾಗಿರಲಿಲ್ಲ. ಅವಳು ನನಗೆ ಮುನ್ಸುದ್ದಿ ಕೊಟ್ಟಿದ್ದಳು. ನಾನು ಅದರ ಮೇಲೆ ದುಂಡಗೆ ಬರೆದಿದ್ದೆ.

ದಾವಲಬಿ ಬಾಗಿಲಲ್ಲಿ ನಿಂತಿದ್ದರು. ‘ಹದಿನಾಲ್ಕ ವರ್ಷಾತು ನೋಡಾಕತ್ತೀನಿ. ಮದವಿ ಅಂತ ಬರದ್ರ ಮೂರ ಅಳಸ್ತಾಳ, ದವಾಖಾನಿ ಅಂತ ಬರದ್ರ ಎರಡ. ನಿಮ್ಮವ್ವಗ ಗೊತ್ತಿತ್ತು. ನೀ ಅಷ್ಟೆಲ್ಲಾ ಓದತೀ, ಇದನೂ ಓದಿರತೀ ಅಂತ ನಾ ಸುಮ್ಮನಿದ್ದೆ. ತಪ್ಪಾತು’ ಎಂದರು.

ಈಗ ಮಧ್ಯಾಹ್ನ. ಹೊರಗೆ ಕಾಲಿಡಲಾಗದ ಬಿಸಿಲು. ಚಿಗವ್ವ ಹಲಗೆಯ ಎದುರು ಕೂತು ಹನ್ನೆರಡನ್ನು ನೋಡುತ್ತಿದ್ದಾಳೆ. ನಾನು ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಅವಳನ್ನು ಹೇಳದೆ ಒಯ್ಯುವುದಿಲ್ಲ, ತಾಲೀಮೂ ಮಾಡಿಸುವುದಿಲ್ಲ. ಅವಳ ಬದಲು ಹಲಗೆಯನ್ನೇ ಗೋಡೆಯಿಂದ ಕಿತ್ತು ಕಚೇರಿಗೆ ಹೊತ್ತುಕೊಂಡು ಹೋಗುತ್ತೇನೆ. ಅಧಿಕಾರಿಗಳ ಮುಂದಿಟ್ಟು, ನಿಮ್ಮ ಅರ್ಧ ಗಂಟೆಯ ಬೆಲೆ ಇಲ್ಲಿದೆ, ಈ ಮೂರು ಮನೆಗಳನ್ನು ಅಳೆಯಿರಿ ಎನ್ನುತ್ತೇನೆ. ಚಿಗವ್ವನನ್ನು ಕೇಳಿದೆ. ‘ಹಲಗಿ ಇಲ್ಲದ ದಿನ ನಾ ಏನ ನೋಡ್ಲಿ?’ ಎಂದಳು. ಅದಕ್ಕೆ ಹನ್ನೆರಡರ ಮನೆಯಲ್ಲಿ ಉಳಿದಿದ್ದ ಬೆರಳಗಲ ಜಾಗದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಹಲಗೆ ಅಂದು ಕಚೇರಿಗೆ ಹೋಗಿರುತ್ತದೆ, ಸಂಜೆ ಐದಕ್ಕೆ ಮರಳುತ್ತದೆ ಎಂದು ಬರೆದೆ. ‘ಐದಕ್ಕ ಅಂದ್ರ ಐದಕ್ಕ?’ ಎಂದು ಕೇಳಿದಳು. ಐದಕ್ಕೆ ಎಂದೆ. ಕಚೇರಿಯವರು ಐದಕ್ಕೆ ಬಿಡುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ.

ಹಲಗೆಯನ್ನು ಸಾಕ್ಷಿ ಎಂದು ಒಪ್ಪುವ ಸಾಲು ಕಾಯ್ದೆಯಲ್ಲಿಲ್ಲ. ಜೊತೆಗಾತಿಯ ಮಾತನ್ನು ಕೇಳಬೇಕೆಂಬ ಸಾಲೂ ಇಲ್ಲ. ಇಲ್ಲಿ ನಾನು ಎಷ್ಟು ಕೂಗಿದರೂ ಹನ್ನೆರಡು ದಿನದಲ್ಲಿ ಅದು ಹುಟ್ಟುವುದಿಲ್ಲ. ಅದು ಹುಟ್ಟಬೇಕಾದದ್ದು ನಿಮ್ಮ ಕಾಲದಲ್ಲಿ, ನಿಮ್ಮ ಅಡುಗೆಮನೆಗಳಲ್ಲಿ, ನೀವು ಮಕ್ಕಳನ್ನು ಮಲಗಿಸಿ ಬೇಡಿಕೆಗಳನ್ನು ಬರೆಯುವಾಗ. ಆದ್ದರಿಂದ ಕೇಳುತ್ತೇನೆ. ಮೂರನೆಯ ಬೇಡಿಕೆಯನ್ನು ತಿದ್ದಿ. ಮಗುವನ್ನು ತೋರಿಸಲು ಕರೆದೊಯ್ದ ದಿನವನ್ನಲ್ಲ, ಅದರ ಮಾರನೆಯ ದಿನಗಳನ್ನು ನೋಡಿ ಅಳೆಯಬೇಕು ಎಂದು ಸೇರಿಸಿ. ಎರಡು ಸೀಟು ಹಿಂದೆ ಕೂತವರನ್ನು ಕೇಳಬೇಕು ಎಂದು ಸೇರಿಸಿ. ಜೊತೆಯಿಂದ ಒಬ್ಬರು ಚೆನ್ನಾಗಿದ್ದಾರೆ ಎನ್ನುವುದು ಜೊತೆಯನ್ನು ಕಿತ್ತುಕೊಳ್ಳಲು ಕಾರಣವಾಗಬಾರದು ಎಂದು, ದಪ್ಪ ಅಕ್ಷರದಲ್ಲಿ, ಸೇರಿಸಿ. ಓದಿದವರು ನಗಲಿ, ಉದ್ದವಾಯಿತು ಎನ್ನಲಿ.

ಈ ಪತ್ರ ನಿಮ್ಮನ್ನು ಹೇಗೆ ಮುಟ್ಟುತ್ತದೆಂದು ನನಗೂ ಗೊತ್ತಿಲ್ಲ. ನಾಳೆ ಕಪಾಟಿನ ತಳದಲ್ಲಿ, ಗುಲಾಬಿ ಕರಪತ್ರದ ಕೆಳಗೆ ಇಡುತ್ತೇನೆ. ನೂರು ವರ್ಷ ದಾಟಿ ನಿಮ್ಮ ಕಾಗದ ನನ್ನ ತನಕ ಬಂದ ದಾರಿಯಲ್ಲಿ ನನ್ನದೂ ಒಂದು ಸಲ ಹಿಂದಕ್ಕೆ ನಡೆಯಲಿ. ನಮ್ಮ ರೂಢಿಯಂತೆ ಇದು ನಿಮಗೆ ಮುನ್ಸುದ್ದಿ. ಏಳು ದಿನವಲ್ಲ, ಒಂದು ಶತಮಾನ ಮೊದಲು ಕೊಡುತ್ತಿದ್ದೇನೆ.

ಮಾರ್ಚ್ ಮೂವತ್ತಕ್ಕೆ ನಾವು ಏಪ್ರಿಲ್ ತಿಂಗಳ ಮನೆ ಎಳೆಯುತ್ತೇವೆ. ಚಿಗವ್ವ ಸೀಮೆಸುಣ್ಣ ಹಿಡಿದು ಒಂದನೆಯ ತಾರೀಖಿನ ಮುಂದೆ ನಿಲ್ಲುತ್ತಾಳೆ, ಚುಕ್ಕೆ ಇಡಲೇ ಎಂದು ನನ್ನ ಕಡೆ ನೋಡುತ್ತಾಳೆ. ಆಗ ಅವಳಿಗೆ ಹೇಳಲು ನನಗೊಂದು ಉತ್ತರ ಬೇಕು. ಅದನ್ನು ನೀವು ಇನ್ನೂ ಬರೆದಿಲ್ಲ. ಬರೆಯಿರಿ.

ನಿಮ್ಮ,
ಸುಗಲಾ